ಕಿವಿಯೋಲೆ ಮತ್ತು ಬಂಡೂರು ತಳಿ: ಕುರಿ ವ್ಯಾಪಾರಸ್ಥರು ತಿಳಿದಿರಬೇಕಾದ ಅಂಶಗಳು

ಮಂಡ್ಯ ಜಿಲ್ಲೆಯ ಜಾನುವಾರು ವ್ಯಾಪಾರದಲ್ಲಿ ಬಂಡೂರು ಕುರಿಗೆ ವಿಶಿಷ್ಟ ಸ್ಥಾನವಿದೆ. ಮಳವಳ್ಳಿ ತಾಲ್ಲೂಕಿನ ಬಂಡೂರು ಗ್ರಾಮದಿಂದ ಹೆಸರು ಪಡೆದ ಈ ತಳಿಯ ಮಾಂಸವು ಮೃದುತ್ವ ಹಾಗೂ ರುಚಿಗೆ ಪ್ರಸಿದ್ಧವಾಗಿದ್ದು, ಇತರ ಕುರಿಗಳಿಗಿಂತ ಹೆಚ್ಚಿನ ಬೆಲೆ ಪಡೆಯುತ್ತದೆ. ಬಕ್ರೀದ್ ಸಮೀಪಿಸಿದಾಗ ಉತ್ತಮ ಟಗರುಗಳಿಗೆ ಬೇಡಿಕೆ ಇನ್ನೂ ಏರುತ್ತದೆ. ಬೆಲೆಯ ಈ ಅಂತರವೇ ಬೆರಕೆ ಕುರಿಗಳನ್ನು ಬಂಡೂರು ಎಂದು ಮಾರುವ ಪ್ರವೃತ್ತಿಗೂ ಕಾರಣವಾಗಿದೆ.

ಕಿವಿಯಲ್ಲಿ ಹಳದಿ ಓಲೆ ಇರುವ ಕುರಿಯನ್ನು ಕಂಡಾಗ, ಅದು ಸರ್ಕಾರದಿಂದ ದೃಢೀಕೃತವಾದ ಶುದ್ಧ ತಳಿಯೆಂದು ಕೆಲವು ಖರೀದಿದಾರರು ಭಾವಿಸುವುದುಂಟು. ಈ ಭಾವನೆ ಸರಿಯಲ್ಲ. ಓಲೆಯು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ತಿಳಿಯದೆ ವ್ಯವಹರಿಸುವುದು ನಷ್ಟಕ್ಕೆ ದಾರಿ.

ಓಲೆಯ ಹಿನ್ನೆಲೆ

ಸಾಂಕ್ರಾಮಿಕ ರೋಗಗಳ ಹತೋಟಿಗಾಗಿ 2009ರಲ್ಲಿ ಜಾರಿಗೆ ಬಂದ ಕೇಂದ್ರ ಕಾಯಿದೆಯು, ಲಸಿಕೆ ಪಡೆದ ಪ್ರಾಣಿಯನ್ನು ಬರೆ, ಹಚ್ಚೆ, ಕಿವಿಯೋಲೆ ಅಥವಾ ಅಂತಹ ಇತರ ವಿಧಾನದಿಂದ ಗುರುತಿಸಲು ಅವಕಾಶ ಕಲ್ಪಿಸಿದೆ. ಹಾಗೆ ಹಾಕಿದ ಗುರುತನ್ನು ಮಾಲೀಕರು ತಮ್ಮ ಇಚ್ಛೆಯಂತೆ ತೆಗೆಯುವಂತಿಲ್ಲ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮವು ಕಾಲುಬಾಯಿ ಜ್ವರದ ಲಸಿಕೆಯ ವ್ಯಾಪ್ತಿಗೆ ದನ ಮತ್ತು ಎಮ್ಮೆಗಳ ಜೊತೆಗೆ ಕುರಿ, ಮೇಕೆ ಮತ್ತು ಹಂದಿಗಳನ್ನೂ ತಂದಿತು.

ಓಲೆಯ ಮೇಲೆ 12 ಅಂಕಿಗಳ ಸಂಖ್ಯೆ ಮುದ್ರಿತವಾಗಿರುತ್ತದೆ. ಒಂದು ಪ್ರಾಣಿಗೆ ನೀಡಿದ ಸಂಖ್ಯೆಯನ್ನು ಮತ್ತೊಂದಕ್ಕೆ ನೀಡುವುದಿಲ್ಲ. ಮಾಲೀಕರ ವಿವರ, ಪ್ರಾಣಿಯ ಲಿಂಗ, ವಯಸ್ಸು, ತಳಿ ಮತ್ತು ಲಸಿಕೆಯ ವಿವರಗಳನ್ನು ಈ ಸಂಖ್ಯೆಯಡಿ 'ಭಾರತ್ ಪಶುಧನ್' ಎಂಬ ರಾಷ್ಟ್ರೀಯ ಗಣಕ ವ್ಯವಸ್ಥೆಯಲ್ಲಿ ದಾಖಲಿಸಲಾಗುತ್ತದೆ. ಓಲೆ ಕಳೆದುಹೋದರೆ ಹೊಸ ಓಲೆ ಹಾಕಿಸಿ, ಹಳೆಯ ದಾಖಲೆಯನ್ನು ಹೊಸ ಸಂಖ್ಯೆಗೆ ಜೋಡಿಸಲು ಅವಕಾಶವಿದೆ.

ಓಲೆ ತಳಿಯ ಪ್ರಮಾಣಪತ್ರವಲ್ಲ

ದಾಖಲೆಯಲ್ಲಿ 'ತಳಿ' ಎಂಬ ಅಂಶವಿದ್ದರೂ, ನೋಂದಣಿಯ ವೇಳೆ ಪ್ರಾಣಿಯ ಹೊರಲಕ್ಷಣ ಮತ್ತು ಮಾಲೀಕರು ನೀಡುವ ಮಾಹಿತಿಯೇ ಅದಕ್ಕೆ ಸಾಮಾನ್ಯ ಆಧಾರ. ತಂದೆ ತಾಯಿಗಳ ವಂಶಾವಳಿಯನ್ನು ಓಲೆ ತಾನಾಗಿ ಸಾಬೀತುಪಡಿಸುವುದಿಲ್ಲ. 'ಇದು ಅದೇ ಕುರಿ' ಎಂಬುದಕ್ಕೆ ಓಲೆ ಸಾಕ್ಷಿಯೇ ಹೊರತು, 'ಇದು ಬಂಡೂರು ಕುರಿ' ಎಂಬುದಕ್ಕಲ್ಲ.

ಆದುದರಿಂದ ತಳಿಯ ಲಕ್ಷಣಗಳನ್ನು ಖರೀದಿದಾರರು ಸ್ವತಃ ಬಲ್ಲವರಾಗಿರಬೇಕು. ರಾಷ್ಟ್ರೀಯ ತಳಿ ಪಟ್ಟಿಯಲ್ಲಿ 'ಮಂಡ್ಯ' ಎಂಬ ಹೆಸರಿನಲ್ಲಿರುವ ಈ ಕುರಿಯು ಗಿಡ್ಡ ಕಾಲು, ತುಂಬಿದ ಮೈಕಟ್ಟು ಮತ್ತು ಬಿಳಿ ಬಣ್ಣವನ್ನು ಹೊಂದಿರುತ್ತದೆ. ಕೆಲವು ಕುರಿಗಳ ಮುಖದಲ್ಲಿ ತಿಳಿಗಂದು ಛಾಯೆ ಕಾಣುತ್ತದೆ. ಹೆಣ್ಣು, ಗಂಡು ಎರಡಕ್ಕೂ ಕೊಂಬಿರುವುದಿಲ್ಲ. ಹಿಂದಿನಿಂದ ನೋಡಿದಾಗ ತೊಡೆಗಳ ನಡುವಿನ ಭಾಗವು ಬೋರಲಾದ ಲಾಳದ ಆಕಾರದಲ್ಲಿ ಕಾಣುವುದು ಇದರ ಮುಖ್ಯ ಗುರುತು. ಬನ್ನೂರು ಕುರಿ ಎಂದು ಕರೆಯುವುದೂ ಇದೇ ತಳಿಯನ್ನೇ.

ಬೆರಕೆ ಮರಿಗಳಲ್ಲಿಯೂ ಈ ಲಕ್ಷಣಗಳಲ್ಲಿ ಕೆಲವು ಕಾಣಿಸಬಹುದಾದ್ದರಿಂದ ಕಣ್ಣಳತೆಯೊಂದೇ ಸಾಲದು. ಯಾವ ಟಗರಿನಿಂದ ಯಾವ ಕುರಿಗೆ ಮರಿಯಾಯಿತು ಎಂಬುದನ್ನು ಓಲೆಯ ಸಂಖ್ಯೆಗಳೊಂದಿಗೆ ಬರೆದಿಟ್ಟ ಸಾಕಣೆದಾರರ ಪುಸ್ತಕವೇ ಹೆಚ್ಚಿನ ಆಧಾರ. ಓಲೆಯ ನಿಜವಾದ ವಾಣಿಜ್ಯ ಮೌಲ್ಯ ಇರುವುದೂ ಇಲ್ಲಿಯೇ. ಸಂಖ್ಯೆಯಿಲ್ಲದೆ ಇಂತಹ ಪುಸ್ತಕವನ್ನು ಪರಿಶೀಲಿಸಲಾಗದು. ಪುಸ್ತಕವಿಲ್ಲದೆ ಸಂಖ್ಯೆಯಿಂದ ತಳಿ ತಿಳಿಯದು. ತಳಿ ಸಂವರ್ಧನೆಗಾಗಿ ಟಗರು ಕೊಳ್ಳುವವರು ಮಳವಳ್ಳಿ ತಾಲ್ಲೂಕಿನ ಧನಗೂರಿನಲ್ಲಿರುವ ಕುರಿ ತಳಿ ಸಂವರ್ಧನಾ ಕೇಂದ್ರದಲ್ಲಿ ವಿಚಾರಿಸಬಹುದು.

ವಿಮೆ ಮತ್ತು ಮಾಲೀಕತ್ವ

ಜಾನುವಾರು ವಿಮೆಯಲ್ಲಿ 'ಓಲೆಯಿಲ್ಲದಿದ್ದರೆ ಪರಿಹಾರವಿಲ್ಲ' ಎಂಬುದು ರೂಢಿಯ ನಿಯಮ. ವಿಮೆ ಪತ್ರದಲ್ಲಿ ಓಲೆಯ ಸಂಖ್ಯೆ ನಮೂದಾಗಿರುತ್ತದೆ ಮತ್ತು ಕುರಿ ಸತ್ತಾಗ ಆ ಓಲೆಯನ್ನು ಹಾಜರುಪಡಿಸಬೇಕಾಗುತ್ತದೆ. 2024ರಲ್ಲಿ ಕೇಂದ್ರ ಸರ್ಕಾರವು ರಾಷ್ಟ್ರೀಯ ಜಾನುವಾರು ಮಿಷನ್ ಅಡಿಯ ವಿಮೆಯಲ್ಲಿ ಫಲಾನುಭವಿಯ ಕಂತಿನ ಪಾಲನ್ನು ಶೇ. 15ಕ್ಕೆ ಇಳಿಸಿ, ಮಿತಿಯನ್ನು 5 ಘಟಕಗಳಿಂದ 10 ಘಟಕಗಳಿಗೆ ಹೆಚ್ಚಿಸಿತು. 10 ಕುರಿಗಳನ್ನು 1 ಘಟಕವೆಂದು ಪರಿಗಣಿಸುವುದರಿಂದ 100 ಕುರಿಗಳ ಮಂದೆಗೂ ಈ ಸೌಲಭ್ಯ ದೊರೆಯುವಂತಾಯಿತು.

ವ್ಯಾಪಾರಸ್ಥರು ಸಾಮಾನ್ಯವಾಗಿ ಎಡವುವುದು ಮಾಲೀಕತ್ವದ ವರ್ಗಾವಣೆಯಲ್ಲಿ. ಉದಾಹರಣೆಗೆ, ಮದ್ದೂರಿನ ವ್ಯಾಪಾರಿಯೊಬ್ಬರು ಮಳವಳ್ಳಿಯ ಸಾಕಣೆದಾರರಿಂದ ವಿಮೆ ಮಾಡಿಸಿದ 20 ಟಗರುಗಳನ್ನು ಕೊಂಡರೆಂದು ಭಾವಿಸೋಣ. ಗಣಕ ದಾಖಲೆ ಮತ್ತು ವಿಮೆ ಪತ್ರ ಎರಡೂ ಮಾರಿದವರ ಹೆಸರಿನಲ್ಲಿಯೇ ಉಳಿದರೆ, ಟಗರು ಸತ್ತಾಗ ಕೊಂಡವರು ಪರಿಹಾರ ಕೇಳುವುದು ಕಷ್ಟ. ಮಾರಾಟವಾದ ದಿನವೇ ಪಶುವೈದ್ಯ ಸಂಸ್ಥೆಯಲ್ಲಿ ಮಾಲೀಕರ ಹೆಸರು ಬದಲಾಯಿಸಿಕೊಂಡು, ಉಳಿದ ಅವಧಿಯ ವಿಮೆಯನ್ನು ವರ್ಗಾಯಿಸುವಂತೆ ಕಂಪನಿಗೆ ಲಿಖಿತವಾಗಿ ತಿಳಿಸುವುದು ಕ್ಷೇಮ.

ಸಾಗಣೆ ಮತ್ತು ಮಾಂಸ ಮಾರಾಟ

1978ರ ಪ್ರಾಣಿ ಸಾಗಣೆ ನಿಯಮಗಳ ಪ್ರಕಾರ, ರೈಲು ಅಥವಾ ರಸ್ತೆಯ ಮೂಲಕ 6 ಗಂಟೆಗಿಂತ ಹೆಚ್ಚು ಕಾಲ ಸಾಗಿಸುವ ಕುರಿಗಳ ಪ್ರತಿ ತಂಡದೊಂದಿಗೂ ಪಶುವೈದ್ಯರ ಆರೋಗ್ಯ ಪ್ರಮಾಣಪತ್ರ ಇರಬೇಕು. ಪತ್ರದಲ್ಲಿ ಓಲೆಯ ಸಂಖ್ಯೆಗಳನ್ನೂ ಬರೆಸಿಕೊಂಡರೆ ತಪಾಸಣೆಯ ವೇಳೆ ತಕರಾರಿಗೆ ಆಸ್ಪದವಿರದು. ಮಾಂಸದ ಪೊಟ್ಟಣದ ಮೇಲೆ 'ಬಂಡೂರು' ಎಂದು ಮುದ್ರಿಸುವ ಉದ್ದಿಮೆದಾರರು ಅದಕ್ಕೆ ಆಧಾರ ಇಟ್ಟುಕೊಂಡಿರಬೇಕು. 2006ರ ಆಹಾರ ಸುರಕ್ಷತಾ ಕಾಯಿದೆಯಡಿ ಸುಳ್ಳು ಹೆಸರಿನಿಂದ ಆಹಾರ ಮಾರುವುದು ದಂಡನೀಯ.

ಜಿಂಕೆ ಸಾಕಣೆಗೆ ಅನ್ವಯವಿಲ್ಲ

ಕುರಿಯಂತೆ ಜಿಂಕೆಯನ್ನೂ ಓಲೆ ಹಾಕಿಸಿ ಸಾಕಬಹುದೇ ಎಂಬ ಪ್ರಶ್ನೆಗೆ ಉತ್ತರ ಸ್ಪಷ್ಟವಾಗಿದೆ: ಸಾಧ್ಯವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಅನುಸೂಚಿಯಲ್ಲಿರುವ ಪ್ರಾಣಿಯು ಬಂಧನದಲ್ಲಿಯೇ ಹುಟ್ಟಿ ಬೆಳೆದಿದ್ದರೂ ಅದನ್ನು ತನ್ನ ವ್ಯಾಪ್ತಿಯಲ್ಲಿಯೇ ಇರಿಸುತ್ತದೆ. ಮಾನ್ಯತೆ ಪಡೆದ ಮೃಗಾಲಯಗಳಲ್ಲಿ ಜಿಂಕೆಗಳಿಗೆ ಹಾಕುವ ಗುರುತು ವಂಶಾವಳಿ ಮತ್ತು ಸಂಖ್ಯೆಯ ದಾಖಲೆಗೆ ಮಾತ್ರ. ಮಾಂಸ ಅಥವಾ ಕೊಂಬಿನ ವ್ಯಾಪಾರಕ್ಕೆ ಅದು ಪರವಾನಗಿಯಾಗದು.

ಖರೀದಿಗೆ ಮುನ್ನ

ಓಲೆಯ ಸಂಖ್ಯೆಯನ್ನು ದಾಖಲೆಯೊಂದಿಗೆ ತಾಳೆ ನೋಡುವುದು, ತಳಿ ಲಕ್ಷಣಗಳನ್ನು ಪರೀಕ್ಷಿಸುವುದು, ಸಂತಾನದ ಪುಸ್ತಕವನ್ನು ಕೇಳುವುದು, ಹಣ ಪಾವತಿಯ ರಸೀದಿಯಲ್ಲಿ ಸಂಖ್ಯೆಯನ್ನು ನಮೂದಿಸುವುದು ಈ ನಾಲ್ಕೂ ಕೆಲವೇ ನಿಮಿಷಗಳ ಕೆಲಸ. ಬೆರಕೆ ಕುರಿಗೆ ಬಂಡೂರಿನ ಬೆಲೆ ತೆತ್ತವರು ಮುಂದಿನ ಬಾರಿ ಅಪ್ಪಟ ಕುರಿಗೂ ಆ ಬೆಲೆ ಕೊಡಲು ಹಿಂಜರಿಯುತ್ತಾರೆ. ಆಗ ನಷ್ಟ ಅನುಭವಿಸುವವರು ಶುದ್ಧ ತಳಿಯನ್ನು ಉಳಿಸಿಕೊಂಡು ಬಂದಿರುವ ಸಾಕಣೆದಾರರೇ. ತಳಿಯ ಹೆಸರನ್ನು ಕಾಪಾಡುವುದು ಅದನ್ನು ನಂಬಿದ ವ್ಯಾಪಾರಸ್ಥರ ಹಿತವೂ ಆಗಿದೆ.