ಗರಗಸದ ಬ್ರೇಕು: ಸುಳ್ಳು ತಡೆಯ ವೆಚ್ಚ ಮತ್ತು ಬೆರಳಿನ ಬೆಲೆ



ಸಂಸಾರದ ಕ್ಷೇಮವು ದುಡಿಯುವ ಕೈಗಳ ಮೇಲೆ ನಿಂತಿದೆ. ಮರಗೆಲಸದಿಂದ ಜೀವನ ಸಾಗಿಸುವ ಮನೆಯಲ್ಲಿ ಯಜಮಾನನ ಎರಡು ಬೆರಳು ತುಂಡಾದರೆ ಆ ಕಷ್ಟವು ಅವನೊಬ್ಬನದಾಗಿ ಉಳಿಯುವುದಿಲ್ಲ. ಕೂಲಿ ನಿಲ್ಲುತ್ತದೆ, ಸಾಲ ಬೆಳೆಯುತ್ತದೆ, ಮಕ್ಕಳ ಊಟಕ್ಕೂ ಓದಿಗೂ ಕೊರತೆಯಾಗುತ್ತದೆ. ಆದುದರಿಂದ ಕೈಯ ರಕ್ಷಣೆಯೂ ಕುಟುಂಬ ಕಲ್ಯಾಣದ ಒಂದು ಭಾಗವೇ ಆಗಿದೆ.

ಮೇಜಿನ ನಡುವಿನ ಸೀಳಿನಿಂದ ದುಂಡನೆಯ ಅಲಗು ಮೇಲೆದ್ದು ತಿರುಗುವ ವಿದ್ಯುತ್ ಗರಗಸವನ್ನು ನೀವು ನೋಡಿರುತ್ತೀರಿ. 10 ಅಂಗುಲದ ಅಲಗು ನಿಮಿಷಕ್ಕೆ 4,000 ಸುತ್ತು ತಿರುಗಿದರೆ ಅದರ ಹಲ್ಲುಗಳ ವೇಗವು ಗಂಟೆಗೆ ಸುಮಾರು 190 ಕಿಲೋಮೀಟರ್ ಆಗುತ್ತದೆ. ಕೈ ತಗುಲಿದ್ದು ಅರಿವಿಗೆ ಬರುವಷ್ಟರಲ್ಲಿ ಬೆರಳು ಹೋಗಿರುತ್ತದೆ. ಅಮೆರಿಕ ದೇಶವೊಂದರಲ್ಲಿಯೇ ಇಂತಹ ಗರಗಸದ ಅಲಗು ತಗುಲಿ ಗಾಯಗೊಂಡು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಬರುವವರು ವರ್ಷಕ್ಕೆ ಸುಮಾರು 30,000 ಮಂದಿ ಎಂದು ಅಲ್ಲಿನ ಸರ್ಕಾರದ ಗ್ರಾಹಕ ಸುರಕ್ಷತಾ ಆಯೋಗವು ಅಂದಾಜು ಮಾಡಿದೆ.

ಬ್ರೇಕು ಹೇಗೆ ಕೆಲಸ ಮಾಡುತ್ತದೆ?

ಈ ಅಪಾಯಕ್ಕೆ ಉಪಾಯವನ್ನು 1999ರಲ್ಲಿ ಅಮೆರಿಕದ ಸ್ಟೀಫನ್ ಗ್ಯಾಸ್ ಎಂಬವರು ಯೋಚಿಸಿದರು. ಅವರು ಭೌತಶಾಸ್ತ್ರ ಓದಿದ ವಕೀಲರು. ಬಿಡುವಿನಲ್ಲಿ ಮರಗೆಲಸ ಮಾಡುವವರು. ಅವರ ಯಂತ್ರಕ್ಕೆ ಸಾಸ್ಟಾಪ್ ಎಂದು ಹೆಸರು. ಅದರ ಅಲಗಿನಲ್ಲಿ ಅತಿ ಸಣ್ಣ ಪ್ರಮಾಣದ ವಿದ್ಯುತ್ ಸಂಕೇತವು ಸದಾ ಇರುತ್ತದೆ. ಒಣಮರವು ಆ ಸಂಕೇತವನ್ನು ಹೀರುವುದಿಲ್ಲ. ಮನುಷ್ಯನ ದೇಹದಲ್ಲಿ ನೀರು ಮತ್ತು ಲವಣಗಳಿರುವುದರಿಂದ ಚರ್ಮವು ತಗುಲಿದೊಡನೆಯೇ ಸಂಕೇತ ಕುಗ್ಗುತ್ತದೆ. ಆ ಕ್ಷಣದಲ್ಲಿ ಒಂದು ಸಣ್ಣ ತಂತಿ ಕರಗಿ, ಅದು ಬಿಗಿಹಿಡಿದಿದ್ದ ಸ್ಪ್ರಿಂಗು ಬಿಡುಗಡೆಯಾಗಿ, ಅಲ್ಯೂಮಿನಿಯಮ್ಮಿನ ಗಟ್ಟಿಯನ್ನು ಅಲಗಿನ ಹಲ್ಲುಗಳೊಳಕ್ಕೆ ನೂಕುತ್ತದೆ. ಸೆಕೆಂಡಿನ ಸಾವಿರ ಭಾಗಗಳಲ್ಲಿ ಸುಮಾರು 5 ಭಾಗ ಕಳೆಯುವುದರೊಳಗೆ ಅಲಗು ನಿಂತು, ಮೇಜಿನ ಕೆಳಕ್ಕೆ ಇಳಿಯುತ್ತದೆ. ಬೆರಳು ತುಂಡಾಗುವ ಬದಲು ಸಾಮಾನ್ಯವಾಗಿ ಚಿಕ್ಕ ಗೀರಿನಿಂದ ಮುಗಿಯುತ್ತದೆ.

ಸುಳ್ಳು ತಡೆ ಎಂದರೇನು?

ಯಂತ್ರಕ್ಕೆ ಕಣ್ಣಿಲ್ಲ. ತಗುಲಿದ್ದು ಬೆರಳೋ ಬೇರೆ ಪದಾರ್ಥವೋ ಎಂಬುದನ್ನು ಅದು ಬಲ್ಲುದಿಲ್ಲ. ಸಂಕೇತ ಕುಗ್ಗಿತೆಂಬುದಷ್ಟೇ ಅದಕ್ಕೆ ತಿಳಿಯುತ್ತದೆ. ಆದುದರಿಂದ ಬಹಳ ಹಸಿಯಾದ ಮರ, ಲೋಹದ ಹಾಳೆ ಅಂಟಿಸಿದ ಹಲಗೆ, ಅಲಗಿಗೆ ತಗುಲಿದ ಅಳತೆಪಟ್ಟಿ, ಕೆಲವು ವೇಳೆ ಮರದಲ್ಲಿ ಅಡಗಿರುವ ದೊಡ್ಡ ಮೊಳೆ – ಇವುಗಳಿಂದಲೂ ಬ್ರೇಕು ಬೀಳಬಹುದು.

ಹೀಗೆ ಒಮ್ಮೆ ಬಿದ್ದ ಬ್ರೇಕಿನ ಪೆಟ್ಟಿಗೆಯು ಮತ್ತೆ ಉಪಯೋಗಕ್ಕೆ ಬಾರದು. ಅದರ ಬೆಲೆ ಅಮೆರಿಕದಲ್ಲಿ ಸುಮಾರು 100 ಡಾಲರು. ಅಲಗಿನ ಹಲ್ಲುಗಳು ಮುರಿಯುವುದರಿಂದ ಸಾಮಾನ್ಯವಾಗಿ ಅಲಗನ್ನೂ ಬದಲಿಸಬೇಕಾಗುತ್ತದೆ. ಕೆಲಸ ನಿಂತ ಹೊತ್ತಿನ ನಷ್ಟ ಬೇರೆ. ಅಲಗನ್ನು ಕೆಡಿಸದೆ ಕೆಳಕ್ಕೆ ಎಳೆಯುವ ಗರಗಸವನ್ನು ಬಾಷ್ ಕಂಪನಿಯು ತಯಾರಿಸಿತ್ತು. ಆದರೆ ಪೇಟೆಂಟಿನ ವ್ಯಾಜ್ಯದಿಂದಾಗಿ 2017ರಲ್ಲಿ ಅಮೆರಿಕಕ್ಕೆ ಅದರ ಆಮದು ನಿಷೇಧವಾಯಿತು.

ದೊಡ್ಡ ಅಪಾಯ ಯಾವುದು?

ಹಣದ ನಷ್ಟಕ್ಕಿಂತ ದೊಡ್ಡ ಅಪಾಯವೊಂದಿದೆ. ಒಂದೆರಡು ಸಲ ಸುಳ್ಳು ತಡೆಯಿಂದ ಹಣ ಕಳೆದುಕೊಂಡವನು, 'ಈ ಬ್ರೇಕಿನ ಕಾಟವೇ ಬೇಡ' ಎಂದು ಅದನ್ನು ನಿಷ್ಕ್ರಿಯಗೊಳಿಸಿ ಕೆಲಸ ಮಾಡತೊಡಗುತ್ತಾನೆ. ಹಸಿಮರ ಕೊಯ್ಯಬೇಕಾದಾಗ ಬ್ರೇಕನ್ನು ತಾತ್ಕಾಲಿಕವಾಗಿ ತಪ್ಪಿಸುವ ಕೀಲಿಯು ಯಂತ್ರದಲ್ಲಿದೆ. ಆದರೆ ಆ ಹೊತ್ತಿನಲ್ಲಿ ಅದು ಬರಿಯ ಗರಗಸವೇ ಸರಿ. ಕೀಲಿಯನ್ನು ಅಭ್ಯಾಸ ಮಾಡಿಕೊಳ್ಳುವುದು ಸರ್ವಥಾ ಕೂಡದು.

ದಂಪತಿಗಳು ಕುಳಿತು ಲೆಕ್ಕ ಹಾಕಿರಿ. ಪೆಟ್ಟಿಗೆಯ ಹಣವನ್ನು ಕೆಲವು ದಿನ ದುಡಿದು ತುಂಬಬಹುದು. ಹೋದ ಹೆಬ್ಬೆರಳನ್ನು ಯಾವ ದುಡಿಮೆಯಿಂದಲೂ ತುಂಬಲಾಗದು. ಹೆಬ್ಬೆರಳಿಲ್ಲದ ಕೈ ಉಳಿಯನ್ನು ಹಿಡಿಯಲಾರದು. ಆದುದರಿಂದ ಬ್ರೇಕನ್ನು ತೆಗೆಯಬೇಡಿರಿ. ಸುಳ್ಳು ತಡೆಯ ಕಾರಣಗಳನ್ನು ತೆಗೆಯಿರಿ:

1. ಮರವನ್ನು ಚೆನ್ನಾಗಿ ಒಣಗಿಸಿದ ನಂತರವೇ ಕೊಯ್ಯಿರಿ.
2. ಹಳೆಯ ಬಾಗಿಲು, ತೊಲೆಗಳ ಮರವಾದರೆ ಮೊಳೆಗಳನ್ನೆಲ್ಲ ಹುಡುಕಿ ಕೀಳಿರಿ.
3. ಯಂತ್ರವನ್ನು ಚಾಲೂ ಮಾಡುವ ಮುನ್ನ ಲೋಹದ ಪಟ್ಟಿ, ಅಳತೆಗೋಲುಗಳು ಅಲಗಿಗೆ ತಗುಲದಂತೆ ನೋಡಿಕೊಳ್ಳಿರಿ.
4. ಮರದ ಬಗ್ಗೆ ಸಂದೇಹವಿದ್ದರೆ ಕೀಲಿ ಬಳಸಿ ಒಂದು ತುಂಡನ್ನು ಮಾತ್ರ ಕೊಯ್ದು ಪರೀಕ್ಷಿಸಿರಿ. ಬ್ರೇಕು ಬೀಳುವಂತಿತ್ತೇ ಎಂಬುದನ್ನು ಯಂತ್ರದ ದೀಪವು ತೋರಿಸುತ್ತದೆ. ಆಗಲೂ ಕೈಯನ್ನು ದೂರವಿಡಿರಿ.
5. ಒಂದು ಬ್ರೇಕಿನ ಪೆಟ್ಟಿಗೆಯನ್ನೂ ಒಂದು ಅಲಗನ್ನೂ ಮೊದಲೇ ತಂದಿಡಿರಿ. ಆಗ ಕೆಲಸ ನಿಲ್ಲುವುದಿಲ್ಲ. ಬ್ರೇಕಿಲ್ಲದೆ ದುಡಿಯುವ ಆಸೆಯೂ ಹುಟ್ಟುವುದಿಲ್ಲ.

ಬ್ರೇಕಿಲ್ಲದ ಗರಗಸವಿದ್ದರೆ?

ಬ್ರೇಕುಳ್ಳ ಯಂತ್ರವು ದುಬಾರಿ. ನಮ್ಮ ಹಳ್ಳಿಗಳ ಬಡಗಿಯ ಅಂಗಡಿಗಳಲ್ಲಿ ಬಹುತೇಕ ಬ್ರೇಕಿಲ್ಲದ ಗರಗಸಗಳೇ ಇವೆ. ಅಲ್ಲಿ ಎಚ್ಚರವು ಇಮ್ಮಡಿಯಾಗಬೇಕು. ಅಲಗಿನ ಮೇಲಿನ ಮುಚ್ಚಳವನ್ನು ತೆಗೆಯಬೇಡಿರಿ. ಕಿರಿದಾದ ಹಲಗೆಯನ್ನು ಕೈಯಿಂದ ನೂಕದೆ ಕೋಲಿನಿಂದ ನೂಕಿರಿ. ಅಲಗಿನ ನೇರಕ್ಕೆ ನಿಲ್ಲದೆ ಬದಿಗೆ ನಿಲ್ಲಿರಿ. ಮರವು ಹಿಂದಕ್ಕೆ ಚಿಮ್ಮಿದರೆ ಯಾವ ಬ್ರೇಕೂ ಅದನ್ನು ತಡೆಯಲಾರದು. ಕೈಚೀಲ, ಸಡಿಲವಾದ ತೋಳಿನ ಅಂಗಿ, ಜೋತುಬಿದ್ದ ಟವೆಲು ಬೇಡ. ಕುಡಿದು ಅಥವಾ ನಿದ್ದೆಗೆಟ್ಟು ಯಂತ್ರದ ಬಳಿ ಹೋಗಕೂಡದು. ಮಕ್ಕಳನ್ನು ಹತ್ತಿರ ಬಿಡಬಾರದು.

ಅಪಘಾತವಾದಲ್ಲಿ

ಶುದ್ಧವಾದ ಬಟ್ಟೆಯಿಂದ ಗಾಯವನ್ನು ಬಿಗಿಯಾಗಿ ಒತ್ತಿಹಿಡಿದು ಕೈಯನ್ನು ಮೇಲಕ್ಕೆತ್ತಿರಿ. ಅರಿಶಿನ, ಕಾಫಿಪುಡಿ ಹಾಕಬೇಡಿರಿ. ತುಂಡಾದ ಬೆರಳನ್ನು ಒದ್ದೆ ಮಾಡಿ ಹಿಂಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಿಗಿಯಾಗಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಬೆರೆಸಿದ ನೀರಿನಲ್ಲಿಡಿರಿ. ಬೆರಳನ್ನು ನೇರವಾಗಿ ಮಂಜುಗಡ್ಡೆಯ ಮೇಲಿಡಬಾರದು. 108ಕ್ಕೆ ಕರೆ ಮಾಡಿರಿ. ತಡಮಾಡದೆ ದೊಡ್ಡ ಆಸ್ಪತ್ರೆ ಸೇರಿದರೆ ಬೆರಳನ್ನು ಮತ್ತೆ ಜೋಡಿಸುವ ಸಾಧ್ಯತೆ ಇರುತ್ತದೆ. ಗಾಯ ಸಣ್ಣದಾದರೂ ಧನುರ್ವಾಯುವಿನ ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಿರಿ.

ಸುಳ್ಳು ತಡೆಗೆ ಹಣ ಹೋಯಿತೆಂದು ಮನೆಯಲ್ಲಿ ಜಗಳವಾಡಬೇಡಿರಿ. ಸಂಜೆ ಮನೆಗೆ ಮರಳಿದ ಕೈಗಳಲ್ಲಿ ಹತ್ತು ಬೆರಳೂ ಇದ್ದರೆ, ಆ ದಿನ ನಿಮಗೆ ನಷ್ಟವಾಗಿಲ್ಲವೆಂದೇ ತಿಳಿಯಿರಿ.