ಹಲಗೆಯ ಮೇಲಿನ ರೈಲು ಮತ್ತು ಅಪ್ಪ

ಐದನೇ ಸೆಮಿಸ್ಟರ್ ಮುಗಿದ ರಜೆಯಲ್ಲಿ ಹಳೇ ಪ್ಲೈವುಡ್ ಹಲಗೆಯ ಮೇಲೊಂದು ಪುಟ್ಟ ರೈಲು ನಿಲ್ದಾಣ ಕಟ್ಟಿದೆ. ಎಚ್‌ಒ ಅಳತೆ, ಅಂದರೆ ನಿಜವಾದುದರ 87ನೇ ಒಂದು ಭಾಗ. ಆರಡಿ ಮನುಷ್ಯ ಇಲ್ಲಿ 2 ಸೆಂಟಿಮೀಟರ್ ಚಿಲ್ಲರೆ ಅಷ್ಟೇ. ಹಳದಿ ನಾಮಫಲಕದಲ್ಲಿ ಊರಿನ ಹೆಸರಿನ ಜೊತೆ ಸಮುದ್ರಮಟ್ಟದಿಂದ ಎಷ್ಟು ಎತ್ತರ ಎಂಬುದನ್ನೂ ಬರೆದೆ. ಮರಳನ್ನು ಜರಡಿ ಹಿಡಿದು ಹಳಿಗಳ ನಡುವೆ ಹರಡಿ, ನೀರು ಬೆರೆಸಿದ ಫೆವಿಕಾಲ್ ಹನಿಸಿದೆ. ಜಲ್ಲಿ ತಯಾರು!

ನಮ್ಮಪ್ಪ ರೈಲ್ವೆಯಲ್ಲಿ ಕೀಮ್ಯಾನ್. ದಿನವೂ ಸುತ್ತಿಗೆ, ಸ್ಪ್ಯಾನರ್ ಹೊತ್ತು ಹಳಿಗುಂಟ ನಡೆದು, ಸಡಿಲಾದ ಕ್ಲಿಪ್‌ಗಳನ್ನು ಬಡಿದು ಕೂರಿಸುವ ಕೆಲಸ. ಕಾಲೇಜಿನಲ್ಲಿ ಯಾರಾದರೂ ಕೇಳಿದರೆ 'ರೈಲ್ವೆಯಲ್ಲಿದ್ದಾರೆ' ಎಂದಷ್ಟೇ ಹೇಳಿ ಮಾತು ಬದಲಿಸುತ್ತಿದ್ದೆ.

ಹಲಗೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತ ಅಪ್ಪ, 'ಜಲ್ಲಿ ಇಷ್ಟು ಚೊಕ್ಕಟವಾಗಿ ಇರಲ್ಲ ಕಣೋ. ಗಾಡಿ ನಿಲ್ಲೋ ಕಡೆ ಬ್ರೇಕಿನ ಕಬ್ಬಿಣದ ಪುಡಿ ಉದುರಿ ತುಕ್ಕಿನ ಬಣ್ಣ ಬರುತ್ತೆ. ಗೇಟ್ ಇಟ್ಟಿದ್ದೀಯ, ಅದಕ್ಕೂ ಮುಂಚೆ ಸೀಟಿ ಬೋರ್ಡ್ ಎಲ್ಲಿ? ಅದನ್ನು ನೋಡಿಯೇ ಡ್ರೈವರ್ ಹಾರ್ನ್ ಹೊಡೆಯೋದು. ಆ ಸದ್ದು ಕೇಳಿದ್ರೆ ನಾವೂ ಪಕ್ಕಕ್ಕೆ ಸರೀತೀವಿ' ಎಂದರು.

ಕೊನೆಯ ಮಾತು ಎದೆಗೆ ನಾಟಿತು. ನಾನು ಇಷ್ಟು ವರ್ಷ ಅದನ್ನು ಕೇಳಿಯೇ ಇರಲಿಲ್ಲ.

ಅಂದು ರಾತ್ರಿ ಇಬ್ಬರೂ ಕೂತು ಕಂದು ಬಣ್ಣವನ್ನು ತೆಳ್ಳಗೆ ಕದಡಿ ಜಲ್ಲಿಗೆ ಬಳಿದೆವು. ಬೆಂಕಿಕಡ್ಡಿಗೆ ಹಳದಿ ರಟ್ಟು ಅಂಟಿಸಿ 'ಸೀ/ಫಾ' ಬೋರ್ಡ್ ನೆಟ್ಟೆವು. ಹಳಿಯ ಪಕ್ಕ ಕಿತ್ತಳೆ ಜಾಕೆಟ್ಟಿನ ಪುಟ್ಟ ಮನುಷ್ಯನೊಬ್ಬನನ್ನೂ ನಿಲ್ಲಿಸಿದೆ.

ಮೊನ್ನೆ ಮನೆಗೆ ಬಂದ ಗೆಳೆಯ, 'ಇವನ್ಯಾರೋ?' ಎಂದ.

'ನಮ್ಮಪ್ಪ. ಕೀಮ್ಯಾನ್' ಎಂದೆ.