ಉದ್ದೀಪನ-ಸಂವೇದನೆಗಳ ಪ್ರಮಾಣವಿಚಾರ

ಹುಕ್ಕೇರಿ ಸೀಮೆಯನ್ನು ದಾಟಿ ಬರುವ ಘಟಪ್ರಭೆಯು ಗೋಕಾಕದಲ್ಲಿ ಸುಮಾರು ೫೨ ಮೀಟರು ಆಳಕ್ಕೆ ಧುಮುಕುವುದು. ಮಳೆಗಾಲದ ಆ ಭೋರ್ಗರೆತದಲ್ಲಿ ಪಿಸುಮಾತು ಕೇಳಿಸದು. ಇರುಳಿನ ನಿಶ್ಶಬ್ದದಲ್ಲಿ ಅದೇ ಮಾತು ಸ್ಫುಟವಾಗಿ ಕೇಳಿಸುವುದು. ಸಾಂಖ್ಯಕಾರಿಕೆಯು ಅನುಪಲಬ್ಧಿಯ ಕಾರಣಗಳಲ್ಲಿ ಇಂತಹ ‘ಅಭಿಭವ’ವನ್ನೂ ಎಣಿಸಿದೆ, ಅದರ ಗಣಿತವನ್ನು ಹೇಳಿಲ್ಲ.

ಜರ್ಮನಿಯ ವೇಬರನ ಮತದಂತೆ, ಅರಿವಿಗೆ ಬರುವ ಕನಿಷ್ಠ ಭೇದವು ಮೂಲೋದ್ದೀಪನದ ನಿಯತಾಂಶವು: ೫೦ ತೊಲೆಗೆ ೧ ತೊಲೆ ಕೂಡಿಸಿದಾಗ ಭೇದವು ತಿಳಿದರೆ, ೧೦೦ ತೊಲೆಗೆ ೨ ಬೇಕು. ಇದರಿಂದ ಫೆಖ್ನರನು ೧೮೬೦ರಲ್ಲಿ, ಉದ್ದೀಪನವು ಗುಣೋತ್ತರಶ್ರೇಢಿಯಲ್ಲಿ ಬೆಳೆದರೆ ಸಂವೇದನೆಯು ಸಮಾಂತರಶ್ರೇಢಿಯಲ್ಲಿ ಬೆಳೆಯುವುದೆಂದು ಸಾಧಿಸಿದನು. ಸ್ಟೀವನ್ಸನು ೧೯೫೭ರಲ್ಲಿ ಇದನ್ನು ಖಂಡಿಸಿ, ಸಂವೇದನೆಯು ಉದ್ದೀಪನದ ಘಾತವನ್ನು ಅನುಸರಿಸುವುದೆಂದೂ ಘಾತಾಂಕವು ವಿಷಯಕ್ಕೊಂದೆಂದೂ ತೋರಿಸಿದನು. ಕತ್ತಲೆಯಲ್ಲಿ ಬೆಳಕು ೮ ಮಡಿಯಾದರೆ ತೋರುವ ಹೊಳಪು ಸುಮಾರು ೨ ಮಡಿ. ವಿದ್ಯುದಾಘಾತದಲ್ಲಾದರೋ ಸಂವೇದನೆಯೇ ಉದ್ದೀಪನವನ್ನು ಮೀರಿ ಬೆಳೆಯುವುದು.

ಆದುದರಿಂದ ಪ್ರತ್ಯಕ್ಷವು ವಸ್ತುವಿನ ಸತ್ತೆಗೆ ಪ್ರಮಾಣವಾದರೂ ಅದರ ಪರಿಮಾಣಕ್ಕೆ ಸ್ವತಂತ್ರ ಪ್ರಮಾಣವಾಗಲಾರದೆಂದು ಸಿದ್ಧವಾಗುವುದು.